ಶಾಲು ಹೊದಿಸುವ ಮುನ್ನ: ವಿದೇಶ ವ್ಯಾಸಂಗ ಮತ್ತು ನಮ್ಮ ಟ್ರಸ್ಟುಗಳ ಹೊಣೆ



ವಿದೇಶದಲ್ಲಿ ಓದಿ ಬಂದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದರಲ್ಲಿ ನಮ್ಮ ಸಂಘಗಳು ಎಂದೂ ಹಿಂದೆ ಬಿದ್ದಿಲ್ಲ. ಆ ಮಕ್ಕಳು ಹೊರಡುವ ಹೊತ್ತಿನಲ್ಲಿ ನಾವು ಎಲ್ಲಿದ್ದೆವು ಎಂಬುದೇ ಇಂದಿನ ನನ್ನ ಪ್ರಶ್ನೆ. ನಾನು ಲೆಕ್ಕ ಪರಿಶೋಧಕ. ಆದುದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ಮುಂಬಯಿಯಲ್ಲೋ ಪುಣೆಯಲ್ಲೋ ಬಾಡಿಗೆ ಮನೆಯಲ್ಲಿದ್ದು, ಸಂಬಳವನ್ನೇ ನೆಚ್ಚಿಕೊಂಡ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಮಗಳಿಗೆ ಹೊರದೇಶದ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದಿದೆ. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ, ಸಾಲ 4 ಲಕ್ಷ ರೂಪಾಯಿ ಮೀರಿದರೆ ವಿದೇಶ ವ್ಯಾಸಂಗದ ವೆಚ್ಚದಲ್ಲಿ ಶೇ. 15ರಷ್ಟನ್ನು ಕುಟುಂಬವೇ ಭರಿಸಬೇಕು, 7.5 ಲಕ್ಷ ಮೀರಿದರೆ ಆಸ್ತಿಯ ಭದ್ರತೆ ಬೇಕು. ಊರಿನಲ್ಲಿ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿರುವ ಗದ್ದೆ ತೋಟಗಳು ಇದಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ. ಹೀಗಾಗಿ ಬುದ್ಧಿಗೆ ಕೊರತೆಯಿಲ್ಲದೆ, ಭದ್ರತೆಯ ಕೊರತೆಯಿಂದ ಪ್ರವೇಶಪತ್ರವು ಕಪಾಟು ಸೇರುತ್ತದೆ. ಮಗನಿಗಾದರೆ ಹೇಗೋ ಚಿನ್ನ ಅಡವಿಡುತ್ತಾರೆ. ಮಗಳಿಗಾದರೆ ಅದೇ ಚಿನ್ನ ಮದುವೆಗೆಂದು ಮೀಸಲು.

ಜರ್ಮನಿಯ ಉದಾಹರಣೆ ನೋಡಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ; ಬಾಡೆನ್-ವುರ್ಟೆಂಬರ್ಗ್‌ನಂಥ ರಾಜ್ಯಗಳು ಮಾತ್ರ ಹೊರದೇಶದವರಿಂದ ಶುಲ್ಕ ಪಡೆಯುತ್ತವೆ. ಆದರೆ ವೀಸಾ ದೊರೆಯಬೇಕಾದರೆ ಒಂದು ವರ್ಷದ ಜೀವನ ವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅದು ವಿದ್ಯಾರ್ಥಿಯ ಕೈಸೇರುತ್ತದೆ. ಅಂದರೆ ಅಡ್ಡಿಯಾಗಿರುವುದು ಶುಲ್ಕವಲ್ಲ, ಒಂದೇ ಗಂಟಾಗಿ ಮುಂಗಡ ಇಡಬೇಕಾದ ಹಣ. ನಮ್ಮ ಎಷ್ಟೋ ಟ್ರಸ್ಟುಗಳಲ್ಲಿ ಇಂಥ ಮೊತ್ತ ನಿಶ್ಚಿತ ಠೇವಣಿಯಾಗಿ ವರ್ಷಗಟ್ಟಲೆ ನಿದ್ರಿಸುತ್ತಿದೆ.

ದೇವದ್ರವ್ಯವನ್ನು ಮುಟ್ಟಿರೆಂದು ನಾನು ಹೇಳುತ್ತಿಲ್ಲ. ಟ್ರಸ್ಟ್ ಪತ್ರದಲ್ಲಿ ವಿದ್ಯಾದಾನವೇ ಉದ್ದೇಶವೆಂದು ಬರೆದಿರುವ ನಿಧಿಯ ಕುರಿತಷ್ಟೇ ನನ್ನ ಮಾತು.

ವಿಶ್ವಸ್ತರು ಇದಕ್ಕೆ ಕೊಡುವ ಉತ್ತರ ನನಗೆ ಕಂಠಪಾಠವಾಗಿದೆ: ವಿದೇಶ ಶಿಕ್ಷಣಕ್ಕೆ ಹಣ ಕೊಟ್ಟರೆ ತೆರಿಗೆ ವಿನಾಯಿತಿ ಹೋಗುತ್ತದೆ! ಆದಾಯವನ್ನು ಭಾರತದಲ್ಲಿಯೇ ವಿನಿಯೋಗಿಸಬೇಕೆಂಬ ನಿಯಮವಿರುವುದು ನಿಜ. ಆದರೆ ಜಮ್‌ಶೆಟ್‌ಜಿ ಟಾಟಾ ಟ್ರಸ್ಟಿನ ಪ್ರಕರಣದಲ್ಲಿ ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2014ರಲ್ಲಿ ಇದನ್ನೇ ವಿಚಾರಿಸಿತು. ಭಾರತೀಯ ವಿದ್ಯಾರ್ಥಿಗೆ ಭಾರತದಲ್ಲಿ ಕೊಟ್ಟ ನೆರವು, ಆತ ಓದುವುದು ಹೊರದೇಶದಲ್ಲಾದರೂ, ಭಾರತದಲ್ಲಿ ಮಾಡಿದ ವಿನಿಯೋಗವೇ ಎಂದು ಅದು ತೀರ್ಮಾನಿಸಿತು. ಸಾಲರೂಪದ ವಿದ್ಯಾರ್ಥಿವೇತನದ ಬಗೆಗೆ ನೇರ ತೆರಿಗೆ ಮಂಡಳಿಯ 1973ರ ಸುತ್ತೋಲೆಯೂ ಇದೆ: ಕೊಟ್ಟ ವರ್ಷ ಅದು ವಿನಿಯೋಗ, ಮರಳಿ ಬಂದ ವರ್ಷ ಆದಾಯ. ಟಾಟಾ ಮನೆತನದವರು 1892ರಲ್ಲಿಯೇ ಸ್ಥಾಪಿಸಿದ ದತ್ತಿ ಇಂಥ ಸಾಲದ ಮೇಲೆಯೇ ನಡೆಯುತ್ತಿದೆ, ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರು ಲಂಡನ್ನಿನಲ್ಲಿ ಓದಿದ್ದು ಅದರ ನೆರವಿನಿಂದ. ನಿಮ್ಮ ಲೆಕ್ಕ ಪರಿಶೋಧಕರು ಈ ದಾಖಲೆಗಳನ್ನು ತೆಗೆದು ಓದಲಿ, ಟ್ರಸ್ಟ್ ಪತ್ರದೊಂದಿಗೆ ಹೋಲಿಸಲಿ, ಹಣವನ್ನು ರೂಪಾಯಿಯಲ್ಲಿ ಇಲ್ಲಿಯೇ ಪಾವತಿಸಲಿ.

ಇಲ್ಲಿ ಕೆಲವರಿಗೆ ರುಚಿಸದ ಮಾತೊಂದನ್ನು ಆಡಲೇಬೇಕು. 1961ರ ಕಾಯಿದೆ ಜಾರಿಯಾದ ಬಳಿಕ ಹುಟ್ಟಿದ ಧರ್ಮಾರ್ಥ ಟ್ರಸ್ಟು ಜೈನರಿಗೆ ಮಾತ್ರವೆಂದು ಬಾಗಿಲು ಹಾಕಿಕೊಂಡರೆ ವಿನಾಯಿತಿಗೆ ನಿಜವಾದ ಅಪಾಯವಿರುವುದು ಅಲ್ಲಿ. ನಿಧಿ ಎಲ್ಲರಿಗೂ ತೆರೆದಿರಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯ ಪರಂಪರೆಯವರು ನಾವು. ಶಾಸ್ತ್ರದಾನದಲ್ಲಿ ಜಿಪುಣತನ ನಮಗೆ ಒಪ್ಪುವುದಿಲ್ಲ.

ಸರ್ಕಾರದ ವಿಷಯವಾಗಿಯೂ ಎರಡು ಮಾತು. 2014ರ ಜನವರಿಯಲ್ಲಿ ನಮಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಾಗ ಸಂಭ್ರಮಿಸಿದೆವು. ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು 2022-23ರಿಂದ ಕೇಂದ್ರವು ನಿಲ್ಲಿಸಿತು. ನಮ್ಮ ಯಾವ ಸಭೆಯ ನಡಾವಳಿಯಲ್ಲಿ ಅದರ ಪ್ರಸ್ತಾಪವಿದೆ? ಪಕ್ಷ ಯಾವುದೇ ಇರಲಿ, ಕೇಳದವರಿಗೆ ಕೊಡುವ ಸರ್ಕಾರವನ್ನು ನಾನಂತೂ ಕಂಡಿಲ್ಲ.

ರಾತ್ರಿಭೋಜನ, ಗೆಡ್ಡೆಗೆಣಸು ಎಂದು ಆಕ್ಷೇಪಿಸುವವರಿದ್ದಾರೆ. ವೀರಚಂದ ಗಾಂಧಿಯವರು 1893ರಲ್ಲಿ ಸಮುದ್ರ ದಾಟಿ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿ ನಿಂತರು. ಇಂದಿನ ಮಕ್ಕಳಿಗೆ ಅಡುಗೆ ಕಲಿಸಿ ಕಳುಹಿಸಿದರೆ ಸಾಕು, ಗಂಡುಮಕ್ಕಳಿಗೂ ಕಲಿಸಿ.

ಇನ್ನು ನನ್ನ ಕೋರಿಕೆ ಕಾಲದ್ದು. ನಮ್ಮ ವಿದ್ಯಾರ್ಥಿವೇತನದ ಸಭೆಗಳು ಪದ್ಧತಿಯಂತೆ ಭಾದ್ರಪದದ ದಶಲಕ್ಷಣ ಪರ್ವದ ಆಸುಪಾಸಿನಲ್ಲಿ ನಡೆಯುತ್ತವೆ. ಅಷ್ಟರೊಳಗೆ ಅಮೆರಿಕದ ತರಗತಿಗಳು ಆರಂಭವಾಗಿರುತ್ತವೆ. ಜರ್ಮನಿಯ ಚಳಿಗಾಲದ ಅವಧಿ ಅಕ್ಟೋಬರ್‌ನಲ್ಲಿ ಶುರು, ವೀಸಾಕ್ಕೆ ಅದಕ್ಕಿಂತ ಬಹಳ ಮೊದಲೇ ಹಣ ತೋರಿಸಬೇಕು. ಆದುದರಿಂದ ಸಭೆಯನ್ನು ಅಕ್ಷಯ ತೃತೀಯಕ್ಕೆ ತನ್ನಿ. ವರ್ಷದ ಉಪವಾಸದ ಬಳಿಕ ಆದಿನಾಥ ಸ್ವಾಮಿಗೆ ಶ್ರೇಯಾಂಸನು ಕಬ್ಬಿನ ರಸವಿತ್ತ ದಿನವದು. ಮಂಜೂರಾತಿ ಪತ್ರವು ಜೂನ್ ತಿಂಗಳೊಳಗೆ ವಿದ್ಯಾರ್ಥಿಯ ಕೈಯಲ್ಲಿರಲಿ. ಅರ್ಜಿಯ ನಮೂನೆ ಮತ್ತು ಸಾಲಪತ್ರದ ಕರಡನ್ನು ಸಿದ್ಧಪಡಿಸಿ ತಂದಿದ್ದೇನೆ. ಸಭೆ ಮುಗಿದ ಮೇಲೆ ವಿಶ್ವಸ್ತರು ದಯಮಾಡಿ ಪಡೆದುಕೊಳ್ಳಬೇಕು.