ಲ್ಯಾಪ್‌ಟಾಪ್ ರಿಪೇರಿಗೆ ಕೊಡುವ ಮುನ್ನ

(ಹೇಸ್‌ನಲ್ಲಿ ನಡೆದ ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಪಕ್ಕದ ಕೋಣೆಯಿಂದ ಬಿಸಿಬೇಳೆಬಾತ್ ವಾಸನೆ ಬರ್ತಾ ಇರುವಾಗ ಭಾಷಣ ಮಾಡೋದು ಕಷ್ಟ, ಕೇಳೋದು ಇನ್ನೂ ಕಷ್ಟ. ಬೇಗ ಮುಗಿಸ್ತೀನಿ.

ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಹೀಥ್ರೂ ಪಕ್ಕದ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡೋನು. ಆದರೂ ನಮ್ಮ ಹುಡುಗರ ಲ್ಯಾಪ್‌ಟಾಪ್ ಕೆಟ್ಟರೆ ಮೊದಲು ಫೋನ್ ಬರೋದು ನನಗೇ. ಆ ಧೈರ್ಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಆಮೇಲೆ ಹೇಳ್ತೀನಿ. ಬೇರೆಯವರ ತಪ್ಪಿನಿಂದ ಶುರು ಮಾಡೋದು ಸುಲಭ, ಅಲ್ವಾ?

2009ರಲ್ಲಿ ಸ್ಕೈ ನ್ಯೂಸ್‌ನವರು ಒಂದು ಪರೀಕ್ಷೆ ಮಾಡಿದರು. ಲ್ಯಾಪ್‌ಟಾಪಿನ ಮೆಮೊರಿ ಚಿಪ್ಪನ್ನು ಬೇಕಂತಲೇ ಸಡಿಲ ಮಾಡಿ, ಒಳಗೆ ಯಾರು ಏನು ತೆರೆದು ನೋಡಿದರು ಅಂತ ದಾಖಲಿಸುವ ಸಾಫ್ಟ್‌ವೇರ್ ಹಾಕಿ, ಲಂಡನ್ನಿನ ಹಲವು ರಿಪೇರಿ ಅಂಗಡಿಗಳಿಗೆ ಕೊಟ್ಟರು. ಚಿಪ್ಪನ್ನು ಒತ್ತಿ ಕೂರಿಸಿದರೆ ಆಯ್ತು, ಅಷ್ಟೇ ಕೆಲಸ. ಆದರೆ ಹೆಚ್ಚಿನವರು ಇಲ್ಲದ ರೋಗ ಹೇಳಿದರು, ಮದರ್‌ಬೋರ್ಡ್ ಹೋಗಿದೆ ಅಂದವರೂ ಇದ್ದರು. ಹ್ಯಾಮರ್‌ಸ್ಮಿತ್‌ನ ಒಂದು ಅಂಗಡಿಯಲ್ಲಂತೂ ಕೆಲಸದವನು ಅದರಲ್ಲಿದ್ದ ಹೆಂಗಸಿನ ಖಾಸಗಿ ಫೋಟೋಗಳನ್ನು ನೋಡಿದ, ಬ್ಯಾಂಕ್ ಖಾತೆಗೆ ಲಾಗಿನ್ ಆಗಲೂ ನೋಡಿದ. ಹ್ಯಾಮರ್‌ಸ್ಮಿತ್ ನಮಗೇನು ದೂರವೇ?

ನಮ್ಮಲ್ಲೇ ಒಬ್ಬರಿಗೆ ಇಲ್ಲಿನ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ, 140 ಪೌಂಡ್ ಆಗುತ್ತೆ ಅಂದರು. ಇನ್ನೊಂದು ಕಡೆ ತೋರಿಸಿದಾಗ ಕೆಟ್ಟಿದ್ದು ಚಾರ್ಜರ್. ಮೊದಲನೆಯವನು ಮೋಸ ಮಾಡಿದನೋ, ಗೊತ್ತಿಲ್ಲದೆ ಹೇಳಿದನೋ, ನನಗೆ ಗೊತ್ತಿಲ್ಲ. ನಮ್ಮ ಜೇಬಿಗೆ ಎರಡೂ ಒಂದೇ. ಅದಕ್ಕೇ ನಾನು ಹೇಳೋದು, ಸ್ಕ್ರೂ ಬಿಚ್ಚೋ ಮೊದಲು ಏನು ಕೆಟ್ಟಿದೆ, ಎಷ್ಟಾಗುತ್ತೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ನೋಡೋದಕ್ಕೇ ದುಡ್ಡು ತಗೋತಾರಾ, ಅದನ್ನೂ ಕೇಳಿ. ಪಾರ್ಟ್ ಬದಲಾಯಿಸಿದರೆ ಹಳೇದು ವಾಪಸ್ ಬೇಕು ಅಂತ ಮುಂಚೆಯೇ ಹೇಳಿಬಿಡಿ. ಹಾಗಂದ ಕೂಡಲೇ ಮುಖ ಗಂಟು ಹಾಕಿಕೊಂಡರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬನ್ನಿ.

ಚಾರ್ಜರ್, ಸ್ಕ್ರೀನ್, ಕೀಬೋರ್ಡ್ ಬದಲಾಯಿಸೋಕೆ ಸಾಮಾನ್ಯವಾಗಿ ಪಾಸ್‌ವರ್ಡ್ ಬೇಕಾಗಲ್ಲ. ಬೇಕೇ ಬೇಕು ಅಂದರೆ ಅವರಿಗೆ ಅಂತಲೇ ಬೇರೆ ಯೂಸರ್ ಮಾಡಿ ಕೊಡಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಇರೋದು ಸಿನಿಮಾ ಒಂದೇ ಅಲ್ಲ. ವೀಸಾ ಈಗ ಕಾರ್ಡಿನಲ್ಲಿಲ್ಲ, ಆನ್‌ಲೈನ್ ಖಾತೆಯಲ್ಲಿದೆ. ಊರಿಗೆ ದುಡ್ಡು ಕಳಿಸೋ ಖಾತೆ, ಪಾಸ್‌ಪೋರ್ಟ್ ಸ್ಕ್ಯಾನ್, ಸಂಬಳದ ಚೀಟಿ ಎಲ್ಲಾ ಅದರೊಳಗೇ.

ನಾವು ಹೊರಗಿನವರು, ನಮ್ಮ ಮಾತು ಯಾರು ಕೇಳ್ತಾರೆ ಅಂತ ಸುಮ್ಮನಾಗಬೇಡಿ. ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ದುಡ್ಡು ತಗೊಂಡು ರಿಪೇರಿ ಮಾಡುವವರು ತಕ್ಕಷ್ಟು ಎಚ್ಚರಿಕೆ, ಕೌಶಲದಿಂದ ಮಾಡಲೇಬೇಕು. ಕೆಲಸ ಕೆಡಿಸಿದರೆ ಮತ್ತೆ ಮಾಡಿಕೊಡಿ ಅಂತ ಕೇಳಬಹುದು, ಅದಾಗದಿದ್ದರೆ ದುಡ್ಡು ಕಡಿಮೆ ಮಾಡಿ ಅನ್ನಬಹುದು. ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿ 0808 223 1133, ದುಡ್ಡಿಲ್ಲದ ಕರೆ.

ಇನ್ನು 'ಮೈಕ್ರೋಸಾಫ್ಟ್‌ನಿಂದ ಮಾತಾಡ್ತಾ ಇದ್ದೀವಿ' ಅಂತ ಬರೋ ಫೋನು. ಈವೆಂಟ್ ವ್ಯೂವರ್ ತೆರೆಸಿ ಕೆಂಪು ಗುರುತು ತೋರಿಸ್ತಾರೆ. ಚೆನ್ನಾಗಿರೋ ಕಂಪ್ಯೂಟರಿನಲ್ಲೂ ಆ ಕೆಂಪು ಗುರುತು ಇರುತ್ತೆ. ಫೋನ್ ಇಟ್ಟುಬಿಡಿ.

ಈಗ ನನ್ನ ತಪ್ಪು.

ನಮ್ಮ ಹಾಸನದ ಕಡೆಯ ಹುಡುಗ ಒಬ್ಬ ಲ್ಯಾಪ್‌ಟಾಪ್ ತಂದ. ಏನೋ ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದಿದ್ದೆ, ಕಣ್ಣು ಎಳೀತಿತ್ತು. 'ಇದು ಕೆಟ್ಟಿದೆ ಕಣೋ, ಹೊಸದಾಗಿ ವಿಂಡೋಸ್ ಹಾಕಿಬಿಡ್ತೀನಿ' ಅಂದೆ. ಅವನು 'ನೀವು ಹೇಳಿದ ಹಾಗೆ ಅಣ್ಣಾ' ಅಂದ. ಒಳಗೆ ಏನಿದೆ ಅಂತ ನಾನು ಕೇಳಲಿಲ್ಲ. ಸಂಜೆ ಹೊತ್ತಿಗೆ ಲ್ಯಾಪ್‌ಟಾಪ್ ಹೊಸದರ ಹಾಗೆ ಓಡ್ತಿತ್ತು. ಅವನು ಫೋಲ್ಡರ್ ಹುಡುಕ್ತಾ ಕೂತ. ತೀರಿಹೋದ ಅವನ ಅಮ್ಮನ ವಿಡಿಯೋಗಳು ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ.

ಆಮೇಲೆ ತಿಳಿಯಿತು, ಅದು ಕೆಟ್ಟೇ ಇರಲಿಲ್ಲ. ಬಿಟ್‌ಲಾಕರ್ ಅನ್ನೋ ಬೀಗ ಅದು. ಈಗಿನ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಅದು ತಾನಾಗಿಯೇ ಬಿದ್ದಿರುತ್ತೆ. ಆ 48 ಅಂಕಿ ಅವನ ಮೈಕ್ರೋಸಾಫ್ಟ್ ಖಾತೆಯಲ್ಲೇ ಇತ್ತು, ಫೋನಿನಿಂದ ಲಾಗಿನ್ ಆಗಿದ್ದರೆ ಸಿಗ್ತಿತ್ತು. ಬೀಗ ಹಾಕಿದ ಡಿಸ್ಕನ್ನು ಅಳಿಸಿದ ಮೇಲೆ ಯಾವ ಅಂಗಡಿಯವನೂ ತೆಗೆದುಕೊಡಲಾರ. ನಾನು ಒಂದು ಪೌಂಡೂ ತಗೊಂಡಿರಲಿಲ್ಲ, ಮೋಸದ ಮನಸ್ಸೂ ಇರಲಿಲ್ಲ. ಅದರಿಂದ ಅವನಿಗೇನು ಬಂತು?

ಅವನು ಬೈಯಲಿಲ್ಲ. 'ಬಿಡಿ ಅಣ್ಣಾ' ಅಂದ, ಟೀ ಕುಡಿಯದೆ ಹೋದ.

ಅಂದಿನಿಂದ ಯಾರೇ ತಂದರೂ ನಾನು ಮೊದಲು ಕೇಳೋದು, ಇದರಲ್ಲಿ ಏನಿದೆ, ಅದರ ಇನ್ನೊಂದು ಕಾಪಿ ಎಲ್ಲಿದೆ ಅಂತ. ಇಲ್ಲ ಅಂದರೆ ಮುಟ್ಟಲ್ಲ.

ಮೊನ್ನೆ ಆ ಹುಡುಗನ ಲ್ಯಾಪ್‌ಟಾಪ್ ಮತ್ತೆ ಕೆಟ್ಟಿತ್ತು. ನನ್ನ ಹತ್ತಿರ ತರಲಿಲ್ಲ, ಅಂಗಡಿಗೆ ಕೊಟ್ಟ. ಆದರೆ ಅವರು ಬರೆದುಕೊಟ್ಟ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ, 'ಅಣ್ಣಾ, ರೇಟು ಸರಿ ಇದೆಯಾ?' ಅಂತ. ಸರಿ ಇತ್ತು.

ಊಟ ತಯಾರಂತೆ.