ನಕ್ಷೆಯು ಮನೆಯ ಒಡೆಯನಿಗೂ ತಿಳಿಯಲಿ



ಸ್ವಂತ ಮನೆಯನ್ನು ಕಟ್ಟಿಸುವುದು ಗೃಹಸ್ಥನ ಬಾಳಿನ ಅತಿ ದೊಡ್ಡ ವೆಚ್ಚಗಳಲ್ಲಿ ಒಂದು. ಆದರೂ ಇಂಜಿನಿಯರರು ನಕ್ಷೆಯನ್ನು ಮುಂದೆ ಹರಡಿದಾಗ ಆತನು ಸುಮ್ಮನೆ ತಲೆಯಾಡಿಸುತ್ತಾನೆ. ತಿಳಿಯಲಿಲ್ಲವೆಂದು ಹೇಳಲು ಸಂಕೋಚ. ಗೋಡೆಗಳು ಮೇಲೆದ್ದ ಬಳಿಕವೇ ಕೊಠಡಿ ಇಕ್ಕಟ್ಟೆಂಬುದು ಅರಿವಿಗೆ ಬರುತ್ತದೆ. ಕಾಗದದ ಮೇಲೆ ರಬ್ಬರಿನಿಂದ ಅಳಿಸಬಹುದಾಗಿದ್ದ ತಪ್ಪನ್ನು ಆಗ ಹಾರೆಯಿಂದ ಅಳಿಸಬೇಕಾಗುತ್ತದೆ.

ಈ ತೊಡಕು ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಹಂಫ್ರಿ ರೆಪ್ಟನ್ (1752–1818) ಎಂಬಾತನು 1788ರಲ್ಲಿ ಉದ್ಯಾನಗಳನ್ನು ರೂಪಿಸುವ ವೃತ್ತಿಯನ್ನು ಕೈಗೊಂಡನು. ಜಮೀನುದಾರರಿಗೆ ಬರಿಯ ನಕ್ಷೆಯನ್ನು ಕೊಟ್ಟು ಆತನು ಸುಮ್ಮನಾಗಲಿಲ್ಲ. ಸ್ಥಳವನ್ನು ಜಲವರ್ಣದಲ್ಲಿ ಚಿತ್ರಿಸಿ, ಚಿತ್ರದ ಮೇಲೆ ಎತ್ತಿ ನೋಡಬಹುದಾದ ಕಾಗದದ ತುಂಡೊಂದನ್ನು ಅಂಟಿಸುತ್ತಿದ್ದನು. ಅದರ ಮೇಲೆ ಸ್ಥಳದ ಈಗಿನ ಸ್ಥಿತಿ. ಅದನ್ನೆತ್ತಿದರೆ ಮುಂದೆ ಆಗಲಿರುವ ರೂಪ. ಕೆಂಪು ಚರ್ಮದ ಹೊದಿಕೆಯ ಆ ಸಂಪುಟಗಳು ‘ಕೆಂಪು ಪುಸ್ತಕ’ಗಳೆಂದೇ ಹೆಸರಾದವು.

ಮನೆಯ ನಕ್ಷೆಗೂ ಇದೇ ದೃಷ್ಟಿ ಬೇಕು. ಕಟ್ಟಡವನ್ನು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದರೆ ಕಾಣುವ ರೂಪವೇ ನೆಲದ ನಕ್ಷೆಯೆಂದು ಮೊದಲು ತಿಳಿಸಬೇಕು. 1:100 ಎಂದು ಬರೆದು ಬಿಡದೆ, ಕಾಗದದ 1 ಸೆಂಟಿಮೀಟರು ನೆಲದ ಮೇಲೆ 1 ಮೀಟರೆಂದು ವಿವರಿಸಬೇಕು. ಕೊಠಡಿಯ ಅಗಲ 10 ಅಡಿ ಎಂದರೆ ಸಾಕೆನಿಸುತ್ತದೆ. ಅದೇ ಅಗಲದಲ್ಲಿ ಆರೂವರೆ ಅಡಿ ಉದ್ದದ ಮಂಚವನ್ನೂ ಎದುರಿಗೆ 2 ಅಡಿಯ ಬೀರುವನ್ನೂ ಬರೆದು ತೋರಿಸಿದರೆ, ನಡೆದಾಡಲು ಉಳಿಯುವುದು ಒಂದೂವರೆ ಅಡಿ ಮಾತ್ರವೆಂಬುದನ್ನು ಮನೆಯೊಡತಿ ಒಡನೆಯೇ ಕಂಡುಕೊಳ್ಳುವಳು.

ಪಾಯ ತೆಗೆಯುವ ಮುನ್ನ ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಕೊಠಡಿಗಳನ್ನು ಗುರುತಿಸಿ, ಮನೆಯ ವೃದ್ಧರೂ ಸೇರಿದಂತೆ ಎಲ್ಲರೂ ಅದರೊಳಗೆ ನಡೆದು ನೋಡುವುದು ಲೇಸು. ಬಯಲಿನಲ್ಲಿ ಗುರುತಿಸಿದ ಕೊಠಡಿಯು ಇರುವುದಕ್ಕಿಂತ ಚಿಕ್ಕದಾಗಿ ಕಾಣುವುದುಂಟು. ಆದುದರಿಂದ ಈಗ ವಾಸವಿರುವ ಮನೆಯ ಕೊಠಡಿಯನ್ನು ಅಳೆದು ಅದರೊಡನೆ ಹೋಲಿಸಬೇಕು. ಇಂದು ಕಂಪ್ಯೂಟರು ತೋರಿಸುವ ಬಣ್ಣದ ಚಿತ್ರವು ಅಂದವನ್ನು ತೋರಿಸೀತು, ಇಕ್ಕಟ್ಟನ್ನು ಮರೆಸಲೂಬಹುದು.

ಪ್ರಶ್ನಿಸುವುದು ಅಜ್ಞಾನದ ಕುರುಹಲ್ಲ. ಬಿಡಿಸಿ ಹೇಳುವುದು ವಿದ್ಯಾವಂತನಿಗೆ ಕುಂದೂ ಅಲ್ಲ. ತಕ್ಕಡಿಯಲ್ಲಿ ತೂಗಿ ನೋಡದೆ ಸರಕನ್ನು ಕೊಳ್ಳದ ವ್ಯಾಪಾರಿಯು ನಕ್ಷೆಗೆ ಮಾತ್ರ ಕಣ್ಣುಮುಚ್ಚಿ ರುಜು ಹಾಕುವುದು ತರವೇ? ತಿಳಿದು ಹಾಕಿದ ರುಜುವೇ ನಿಜವಾದ ಒಪ್ಪಿಗೆ.