ಆಸ್ಪತ್ರೆಯ ಕೈ, ಮನೆಯ ಕೈ

ಲಕ್ವ ಹೊಡೆದವರು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಕಾಲು ಚೇತರಿಸಿಕೊಂಡ ಮೇಲೂ ಕೈ ಹಿಂದೆ ಉಳಿಯುವುದು ಉಂಟು. ಒಂದು ಕೈಯಲ್ಲಿ, ಮಣಿಕಟ್ಟೂ ಸೇರಿ, 27 ಮೂಳೆಗಳಿವೆ. ಬೆರಳುಗಳನ್ನು ಮಡಿಸುವ ಬಲವಾದ ಸ್ನಾಯುಗಳು ಮುಂದೋಳಿನಲ್ಲಿವೆ, ನಾಜೂಕು ಕೆಲಸದ ಸಣ್ಣ ಸ್ನಾಯುಗಳು ಅಂಗೈಯೊಳಗೇ ಇವೆ. ಚಲನೆಯನ್ನು ಆಳುವ ಮಿದುಳಿನ ಭಾಗದಲ್ಲಿ ಕೈಗೆ ಸಿಕ್ಕಿರುವ ಜಾಗ ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಇಂಥ ಅಂಗ ಎಷ್ಟು ಸುಧಾರಿಸಿತು ಎಂದು ಅಳೆಯಲು ಈಗ ಸೆನ್ಸರ್‌ಗಳು ಬಂದಿವೆ. ಕರಾರುವಾಕ್ಕಾಗಿ ಅಳೆಯುತ್ತವೆ ಎಂಬುದೇ ಅವುಗಳ ಹೆಗ್ಗಳಿಕೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿ ದಿನವಿಡೀ ಆ ಕೈ ನಿಜಕ್ಕೂ ಏನು ಮಾಡುತ್ತಿದೆ ಎಂಬುದನ್ನು ಅವು ವೈದ್ಯರ ಮುಂದೆ ಇಡಬಲ್ಲವು.

ಮೊದಲು ಹಳೆಯ ಪರೀಕ್ಷೆಗಳ ಮಾತು. ಅವನ್ನು ಹಗುರವಾಗಿ ಕಾಣುವಂತಿಲ್ಲ. ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಬಹಳ ಸರಳ ಉಪಕರಣ. ರೋಗಿ ಕುರ್ಚಿಯಲ್ಲಿ ಕುಳಿತು, ಮೊಣಕೈಯನ್ನು ಮೈಗೆ ಒತ್ತಿ 90 ಡಿಗ್ರಿಗೆ ಮಡಿಸಿ, ಹಿಡಿಯನ್ನು ಬಲವಾಗಿ ಅದುಮಬೇಕು. ಮೂರು ಸಲ ಅದುಮಿಸಿ ಸರಾಸರಿ ತೆಗೆಯುತ್ತಾರೆ. ಇಷ್ಟೇ ಅಳತೆ ಎಷ್ಟೊಂದು ಹೇಳಬಲ್ಲದು ಎಂಬುದಕ್ಕೆ ಭಾರತವೂ ಸೇರಿ 17 ದೇಶಗಳಲ್ಲಿ ಸುಮಾರು 1,40,000 ಜನರನ್ನು ಗಮನಿಸಿದ ಅಧ್ಯಯನವಿದೆ. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅದರ ಪ್ರಕಾರ, ಹಿಡಿತದ ಬಲ 5 ಕಿಲೋ ಕಡಿಮೆಯಿದ್ದರೆ ಸಾವಿನ ಅಪಾಯ ಸುಮಾರು ಶೇ 16ರಷ್ಟು ಹೆಚ್ಚು. ಹಿಡಿತ ಇಲ್ಲಿ ಸಾವಿಗೆ ಕಾರಣವಲ್ಲ, ದೇಹದ ಒಟ್ಟು ಸ್ಥಿತಿಯ ಸೂಚನೆ. ಲಕ್ವ ಪೀಡಿತರಿಗೆ 1975ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಫ್ಯೂಗಲ್-ಮೇಯರ್ ಪರೀಕ್ಷೆಯಿದೆ. ತೋಳು ಮತ್ತು ಕೈಗೆ ಅದರಲ್ಲಿ 66 ಅಂಕ. ಮರದ ಸಣ್ಣ ಘನಗಳನ್ನು ಒಂದು ನಿಮಿಷದಲ್ಲಿ ಪೆಟ್ಟಿಗೆಯ ಈ ಬದಿಯಿಂದ ಆ ಬದಿಗೆ ಎಷ್ಟು ಸಾಗಿಸಬಲ್ಲರು ಎಂದು ಎಣಿಸುವ ಪರೀಕ್ಷೆಯೂ ಉಂಟು. ಇವೆಲ್ಲ ಪಳಗಿದ ಪರೀಕ್ಷೆಗಳು. ಆದರೆ ಇವು ನಡೆಯುವುದು ಚಿಕಿತ್ಸಕರ ಎದುರಿನಲ್ಲಿ, ಕೆಲವೇ ನಿಮಿಷ, ರೋಗಿ ಮನಸ್ಸಿಟ್ಟು ಶ್ರಮಿಸುವಾಗ.

ಈ ಪರೀಕ್ಷೆಗಳು ನಡೆಯುವ ಕೋಣೆಯೊಳಗೂ ಸೆನ್ಸರ್ ನೆರವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಬ್ಬೆರಳಿಗೆ ತೋರುಬೆರಳನ್ನು ಹತ್ತು ಸಲ, ಆದಷ್ಟು ಅಗಲವಾಗಿ, ಆದಷ್ಟು ಬೇಗ ತಟ್ಟಿಸುತ್ತಾರೆ. ವೇಗ ತಗ್ಗಿತೇ, ನಡುವೆ ತಡೆಯಿತೇ, ಬೆರಳುಗಳ ಅಂತರ ಬರಬರುತ್ತಾ ಕಿರಿದಾಯಿತೇ ಎಂದು ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಒಬ್ಬ ವೈದ್ಯರು ಒಂದು ಕೊಟ್ಟ ಕಡೆ ಇನ್ನೊಬ್ಬರು ಎರಡು ಕೊಡಬಹುದು. ಬೆರಳಿಗೆ ಕಟ್ಟಿದ ಪುಟ್ಟ ಚಲನಾ ಸೆನ್ಸರ್ ಪ್ರತಿ ತಟ್ಟಿನ ಅಗಲವನ್ನೂ ಅವಧಿಯನ್ನೂ ಬರೆದಿಡುತ್ತದೆ. ಐದೇ ಮೆಟ್ಟಿಲಿನ ಅಂಕದಲ್ಲಿ ಕಾಣದ ಸಣ್ಣ ಬದಲಾವಣೆ, ಉದಾಹರಣೆಗೆ ಔಷಧದ ಪ್ರಮಾಣ ಬದಲಿಸಿದ ಮೇಲಿನ ವ್ಯತ್ಯಾಸ, ಅದರಲ್ಲಿ ಕಾಣಬಹುದು.

ಆದರೂ ನನ್ನ ವಾದಕ್ಕೆ ಮುಖ್ಯ ಸಾಕ್ಷ್ಯ ಸಿಗುವುದು ಆಸ್ಪತ್ರೆಯ ಹೊರಗೆ. ಎರಡೂ ಮಣಿಕಟ್ಟಿಗೆ ಗಡಿಯಾರದಂತೆ ಕಟ್ಟುವ ಆಕ್ಸೆಲರೋಮೀಟರ್, ದಿನವಿಡೀ ಯಾವ ಕೈ ಎಷ್ಟು ಆಡಿತು ಎಂದು ದಾಖಲಿಸುತ್ತದೆ. ಆರೋಗ್ಯವಂತರಲ್ಲಿ, ಬಲಗೈ ರೂಢಿಯವರಲ್ಲೂ, ಎರಡು ಕೈಗಳು ಆಡುವ ಹೊತ್ತು ಹೆಚ್ಚುಕಡಿಮೆ ಸಮ. ಏಕೆಂದರೆ ನಮ್ಮ ಬಹುಪಾಲು ಕೆಲಸಕ್ಕೆ ಎರಡೂ ಬೇಕು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ, ಲಕ್ವವಾಗಿ ಆರು ತಿಂಗಳು ಕಳೆದವರಿಗೆ ಕೈಯ ತರಬೇತಿ ಕೊಟ್ಟು ಇದೇ ರೀತಿ ಅಳೆಯಿತು. ಆಸ್ಪತ್ರೆಯ ಪರೀಕ್ಷೆಯಲ್ಲಿ ಅಂಕ ಏರಿತ್ತು. ಮನೆಯಲ್ಲಿ ಕೈಯ ಬಳಕೆ ಮಾತ್ರ ಹೆಚ್ಚಿರಲಿಲ್ಲ. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಯೋಚನೆಗೆ ಹಚ್ಚುವಂಥದ್ದು. ಶಕ್ತಿ ಮರಳಿದರೂ ಬಳಕೆ ತಾನಾಗಿ ಮರಳುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕೈಯಲ್ಲಿ ನಿಭಾಯಿಸಿ ರೂಢಿಯಾದ ಮೇಲೆ, ದುರ್ಬಲ ಕೈ ಮಾಡಬಲ್ಲ ಕೆಲಸವನ್ನೂ ಮಾಡದೆ ಉಳಿಯುತ್ತದೆ. ಅಂಕ ನೋಡಿ ಚಿಕಿತ್ಸೆ ಮುಗಿಯಿತು ಎಂದು ಕಳಿಸಿದರೆ ಈ ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಗಮನಕ್ಕೆ ಬಂದರೆ, ಇನ್ನಷ್ಟು ವ್ಯಾಯಾಮಕ್ಕೆ ಬದಲು ಲೋಟ ಹಿಡಿಯುವುದು, ಗುಂಡಿ ಹಾಕುವುದು ಮುಂತಾದ ಗೊತ್ತಾದ ಕೆಲಸಗಳನ್ನು ಆ ಕೈಗೇ ವಹಿಸುವ ಯೋಜನೆ ಹಾಕಬಹುದು.

ಇದಕ್ಕೆ ಆಕ್ಷೇಪಗಳಿವೆ, ಅವು ಪೊಳ್ಳಲ್ಲ. ನಡೆಯುವಾಗ ತೋಳು ಬೀಸಿದರೂ ಮಣಿಕಟ್ಟಿನ ಸೆನ್ಸರ್ ಅದನ್ನು ಬಳಕೆ ಎಂದೇ ಎಣಿಸುತ್ತದೆ. ಬೆರಳು ಸೂಜಿ ಹಿಡಿದರೆ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಅದರ ಅಂಕಿಯನ್ನು ಒಂಟಿಯಾಗಿ ನಂಬದೆ, ಎರಡು ಕೈಗಳನ್ನು ಹೋಲಿಸಿ, ಪರೀಕ್ಷೆಯ ಅಂಕದ ಪಕ್ಕದಲ್ಲಿಟ್ಟು ಓದಬೇಕು. ಉಪಕರಣ ಬಂದರೆ ಚಿಕಿತ್ಸಕರು ಕೈ ಮುಟ್ಟಿ ನೋಡುವುದನ್ನೇ ಬಿಡುತ್ತಾರೆ ಎಂಬ ಭಯವೂ ಇದೆ. ಸ್ನಾಯುವಿನ ಬಿಗಿತ, ನೋವು, ಸ್ಪರ್ಶಜ್ಞಾನದ ಕೊರತೆ ಇವನ್ನು ಮಣಿಕಟ್ಟಿನ ಪಟ್ಟಿ ಹೇಳಲಾರದು. ಆ ಕೆಲಸ ಅವರದೇ. ಖರ್ಚಿನ ಪ್ರಶ್ನೆಗೆ ಉತ್ತರ ಇಷ್ಟು: ಇದೇ ಬಗೆಯ ಸೆನ್ಸರ್ ಇಂದು ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇದೆ, ಬಿಡಿಭಾಗ ದುಬಾರಿಯಲ್ಲ. ಕಷ್ಟವಿರುವುದು ದತ್ತಾಂಶವನ್ನು ಓದಿ ಅರ್ಥ ಹೇಳುವ ತರಬೇತಿ ಕೊಡುವುದರಲ್ಲಿ. ಇನ್ನು, ಒಬ್ಬರ ಮನೆಯ ಇಡೀ ದಿನವನ್ನು ದಾಖಲಿಸುವ ಮುನ್ನ ಅವರ ಒಪ್ಪಿಗೆ ಬೇಕು, ಆ ದಾಖಲೆ ಚಿಕಿತ್ಸೆಗಲ್ಲದೆ ಬೇರೆಲ್ಲೂ ಹೋಗಬಾರದು.

ನಮ್ಮಲ್ಲಿ ಇನ್ನೊಂದು ಅಗತ್ಯವಿದೆ. ಬೆರಳಿನಿಂದ ಅನ್ನ ಕಲಸುವ, ಮುದ್ದೆ ಮುರಿಯುವ, ಹೂ ಕಟ್ಟುವ, ಸೀರೆಯ ನೆರಿಗೆ ಹಿಡಿಯುವ ಕೈಗಳಿಗೆ ಚಮಚ, ಗೂಟ, ಘನಗಳ ಪರೀಕ್ಷೆ ಮಾತ್ರ ಸಾಲದು. ಈ ಕೆಲಸಗಳಲ್ಲಿ ಬೆರಳುಗಳ ಒತ್ತಡ ಮತ್ತು ಚಲನೆಯನ್ನು ಅಳೆಯುವ ಪರೀಕ್ಷೆಗಳು ಇಲ್ಲಿಯೇ ರೂಪುಗೊಳ್ಳಬೇಕು. ಲಕ್ವದಿಂದ ಚೇತರಿಸಿಕೊಳ್ಳುತ್ತಿರುವವರು ಮತ್ತು ಅವರ ಮನೆಯವರು ಮುಂದಿನ ಭೇಟಿಯಲ್ಲಿ ಅಂಕ ಎಷ್ಟಾಯಿತು ಎಂದು ಕೇಳಿ ಸುಮ್ಮನಾಗಬಾರದು. ಮನೆಯಲ್ಲಿ ಈ ಕೈ ಎಷ್ಟು ದುಡಿಯುತ್ತಿದೆ, ಅದನ್ನು ಹೆಚ್ಚಿಸಲು ಏನು ಮಾಡಬೇಕು ಎಂದೂ ಕೇಳಬೇಕು. ಹಾಗೆ ಕೇಳಲು ಸೆನ್ಸರ್ ಬರುವವರೆಗೆ ಕಾಯಬೇಕಾಗಿಲ್ಲ. ಉತ್ತರ ಅಂದಾಜಿನದ್ದಾಗದೆ ಆಧಾರವುಳ್ಳದ್ದಾಗಲು ಮಾತ್ರ ಅದು ಬೇಕು.